ಪೋಲಿ ಹುಡುಗನೇ ಬೆಸ್ಟ್ ಫ್ರೆಂಡ್ ಯಾಕೆ ಆಗ್ತಾನೆ?

ಸೋಂಪುರದಿಂದ ಮಾತಾಡ್ತಿದ್ದೀನಿ. ಮಾಂಗಾಗಳಲ್ಲಿ ಹೀರೋನ ಆಪ್ತ ಗೆಳೆಯ ಎಷ್ಟೋ ಸಲ ಹಳೇ ಪುಂಡನೇ ಆಗಿರ್ತಾನೆ. ಯಾಕೆ?

ಕಝುಕಿ ತಕಹಾಶಿ 1996ರಲ್ಲಿ ಶುರುಮಾಡಿದ ‘ಯು-ಗಿ-ಓ!’ ತಗೊಳ್ಳಿ. ಜೋನೌಚಿ, ಅಂದ್ರೆ ಇಂಗ್ಲಿಷ್ ಡಬ್ಬಿಂಗ್‌ನ ಜೋಯಿ, ಮೊದಲ ಅಧ್ಯಾಯದಲ್ಲಿ ಯುಗಿಯನ್ನ ಗೋಳು ಹುಯ್ಕೊಳ್ತಾನೆ. ಅವನ ಪಜಲ್‌ನ ಒಂದು ತುಂಡು ಎಸೆದುಬಿಡ್ತಾನೆ. ಶಾಲೆಯ ಶಿಸ್ತು ನೋಡ್ಕೊಳ್ಳೋ ಉಶಿಯೊ ಅದೇ ನೆಪದಲ್ಲಿ ಜೋನೌಚಿಗೆ ಬಾರಿಸ್ತಾನೆ. ಆಗ ಯುಗಿ ಅಡ್ಡ ನಿಂತು, ಇವರು ನನ್ನ ಫ್ರೆಂಡ್ಸ್ ಅಂತಾನೆ.

ಜೋನೌಚಿ ಭಾಷಣ ಮಾಡಲ್ಲ. ನೀರಿಗಿಳಿದು ಆ ತುಂಡು ಹುಡುಕಿ ತರ್ತಾನೆ.

ನಮ್ಮ ಸಿನಿಮಾಗಳಲ್ಲಿ ರೌಡಿಯನ್ನ ಬದಲಾಯಿಸೋದು ಹೆಚ್ಚಾಗಿ ಅಮ್ಮನ ಕಣ್ಣೀರು, ಇಲ್ಲಾ ಹೀರೋಯಿನ್ ಪ್ರೀತಿ. ಇಲ್ಲಿ ಕಾಟ ತಿಂದವನೇ ಮೊದಲು ನಂಬ್ತಾನೆ. ನಮ್ಮ ಬಿಕಾಂ ಭಾಷೇಲಿ ಅದು ಶ್ಯೂರಿಟಿ ಇಲ್ಲದೆ ಕೊಟ್ಟ ಸಾಲ. ಅಪ್ಪನ ಕುಡಿತ, ಜೂಜು ನೋಡಿ ಬೆಳೆದ ಹುಡುಗನಿಗೆ ಅದರ ಬೆಲೆ ಗೊತ್ತು. ಅದಕ್ಕೇ ಕಥೆಯುದ್ದಕ್ಕೂ ತೀರಿಸ್ತಾನೇ ಇರ್ತಾನೆ.

ನಮ್ಮೂರುಗಳಲ್ಲಿ ಹೈಸ್ಕೂಲಲ್ಲಿ ‘ಪೋಲಿ’ ಅಂತ ಹೆಸರು ಬಿದ್ರೆ, ಡಾಬಸ್‌ಪೇಟೆ ಫ್ಯಾಕ್ಟರಿಗೆ ಸೇರಿದ ಮೇಲೂ ಅದು ಬಿಡಲ್ಲ. ಹುಡುಗ ಬದಲಾಗಿರ್ತಾನೆ, ಹೆಸರು ಬದಲಾಗಿರಲ್ಲ. ಅಂಥವನು ಕಳೆದ ತುಂಡು ವಾಪಸ್ ತಂದಾಗ, ತಗೊಳ್ಳೋಕೆ ನಾವು ಕೈ ಚಾಚ್ತೀವಾ?