ವಾಲ್ವಿನ ಕಾವು, ಆಯುಷ್ಯ ಮತ್ತು ಆರೈಕೆ

(ಬಾನುಲಿ ಭಾಷಣ)

ಹಳೆಯ ರೇಡಿಯೋ ಗುಂಡಿ ತಿರುವಿದೊಡನೆ ಮಾತನಾಡುತ್ತಿರಲಿಲ್ಲವೆಂಬುದು ನನ್ನ ವಯಸ್ಸಿನವರಿಗೆಲ್ಲ ನೆನಪಿದೆ. ಅದರೊಳಗಿನ ವಾಲ್ವುಗಳು ಕಾಯುವವರೆಗೆ ನಾವೂ ಕಾಯಬೇಕಾಗಿತ್ತು. ನಮ್ಮ ತಾವರಗೇರಾದಂಥ ಊರುಗಳಲ್ಲಿ ಅಂಥ ವಾಲ್ವಿನ ಆಂಪ್ಲಿಫೈಯರುಗಳು ಕೆಲವು ಮನೆಗಳ ಅಟ್ಟದ ಮೇಲೆ, ಭಜನಾ ಮಂಡಳಿಗಳ ಪೆಟ್ಟಿಗೆಗಳಲ್ಲಿ ಇನ್ನೂ ಉಳಿದಿವೆ. ಇವನ್ನು ಇಟ್ಟುಕೊಳ್ಳಬೇಕೆ, ಗುಜರಿಗೆ ಹಾಕಬೇಕೆ ಎಂದು ಕೇಳುವವರುಂಟು. ನಾನು ಕನ್ನಡ ಪಾಠ ಹೇಳಿದವನೇ ಹೊರತು ಯಂತ್ರಶಾಸ್ತ್ರಜ್ಞನಲ್ಲ. ಆದರೂ ಅಂಥದೊಂದನ್ನು ಬಹುಕಾಲದಿಂದ ಸಾಕಿಕೊಂಡು ಬಂದಿರುವುದರಿಂದ ಅದರ ಜಮಾಖರ್ಚನ್ನು ನಿಮ್ಮ ಮುಂದಿಡಬಲ್ಲೆ.

ವಾಲ್ವೆಂದರೆ ಗಾಳಿಯನ್ನು ಹೀರಿ ತೆಗೆದ ಗಾಜಿನ ನಳಿಕೆ. ಇದನ್ನು 1904ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗ್ ರೂಪಿಸಿದರು. ವಿದ್ಯುತ್ತನ್ನು ಒಂದೇ ದಿಕ್ಕಿಗೆ ಹರಿಯಬಿಡುವುದರಿಂದ ಕವಾಟವೆಂಬ ಅರ್ಥದ ಈ ಹೆಸರು ಬಂದಿತು. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಅದರೊಳಗೆ ಒಂದು ಜಾಲರಿಯನ್ನು ಸೇರಿಸಿದರು. ನಳಿಕೆಯ ನಡುವಿರುವ ಕ್ಯಾಥೋಡಿಗೆ ಬೇರಿಯಂ, ಸ್ಟ್ರಾನ್ಷಿಯಂ ಆಕ್ಸೈಡುಗಳ ಲೇಪವಿರುತ್ತದೆ. ಅದು ಸುಮಾರು 700ರಿಂದ 800 ಡಿಗ್ರಿ ಸೆಲ್ಸಿಯಸ್ ಕಾದಾಗ ಎಲೆಕ್ಟ್ರಾನುಗಳು ಹೊಮ್ಮಿ ಸುತ್ತಲಿನ ತಗಡಿನತ್ತ ಹರಿಯುತ್ತವೆ. ನಡುವಣ ಜಾಲರಿಯು ಕಾಲುವೆಯ ತೂಬಿದ್ದಂತೆ: ಕ್ಷೀಣವಾದ ದನಿಯ ಸಂಕೇತವು ಈ ತೂಬನ್ನು ಅಲುಗಿಸಿದರೆ ಸಾಕು, ದೊಡ್ಡ ಹರಿವು ಅದೇ ಲಯದಲ್ಲಿ ಏರಿಳಿಯುತ್ತದೆ. ಕಾವಿಲ್ಲದಿದ್ದರೆ ಹರಿವೇ ಇಲ್ಲ.

ಈ ಕಾವಿನ ಬೆಲೆಯೆಷ್ಟು? ಮನೆಯ ಆಂಪ್ಲಿಫೈಯರುಗಳಲ್ಲಿ ಬಹಳವಾಗಿ ಬಳಕೆಯಾದ ಇಎಲ್ 84 ಎಂಬ ವಾಲ್ವನ್ನು ನೋಡೋಣ. ಅದರ ಕ್ಯಾಥೋಡನ್ನು ಕಾಯಿಸುವುದಕ್ಕೇ ಸುಮಾರು 5 ವ್ಯಾಟ್ ಬೇಕು. ತಗಡಿನ ಪಾಲು 12 ವ್ಯಾಟ್. ಇಷ್ಟನ್ನು ಉಂಡು ಒಂಟಿ ವಾಲ್ವು ಕೊಡುವ ನಾದ ಹೆಚ್ಚೆಂದರೆ 5-6 ವ್ಯಾಟ್, ಉಳಿದದ್ದೆಲ್ಲ ಬಿಸಿ. ಹಾಡು ನಿಂತು ಮೌನವಾಗಿರುವಾಗಲಂತೂ ಒಳಹೋದದ್ದು ಪೂರ್ತಿ ಬಿಸಿಯೇ. ಆದರೂ ಕರೆಂಟಿನ ಬಿಲ್ಲಿಗೆ ಅಂಜಬೇಕಾಗಿಲ್ಲ. 100 ವ್ಯಾಟ್ ಎಳೆಯುವ ಆಂಪ್ಲಿಫೈಯರು ದಿನಕ್ಕೆ 3 ಗಂಟೆ ನುಡಿದರೆ ತಿಂಗಳಿಗೆ 9 ಯೂನಿಟ್ ಆದೀತು, ಅಷ್ಟೆ.

ಅಂಜಬೇಕಾದದ್ದು ಬಿಸಿಗೆ. ನಮ್ಮ ಸೀಮೆಯ ಬೇಸಗೆಯೇ 40 ಡಿಗ್ರಿ ಮುಟ್ಟುತ್ತದೆ. ವಾಲ್ವು ಕಾವಿನಲ್ಲಿ ಬದುಕಲೆಂದೇ ಹುಟ್ಟಿದ್ದು. ಪಕ್ಕದ ಎಲೆಕ್ಟ್ರೊಲಿಟಿಕ್ ಕಂಡೆನ್ಸರುಗಳು ಹಾಗಲ್ಲ. ಉಷ್ಣತೆ 10 ಡಿಗ್ರಿ ಏರಿದಂತೆಲ್ಲ ಅವುಗಳ ಆಯುಷ್ಯ ಹೆಚ್ಚುಕಡಿಮೆ ಅರ್ಧವಾಗುತ್ತದೆಂಬುದು ತಂತ್ರಜ್ಞರ ರೂಢಿಯ ಲೆಕ್ಕ. ಕಸೂತಿ ಬಟ್ಟೆ ಹೊದಿಸಿ, ಗೋಡೆಗೂಡಿನಲ್ಲಿ ಒತ್ತಿ ಇಡುವ ನಮ್ಮ ಅಕ್ಕರೆಯೇ ಅದಕ್ಕೆ ಮೃತ್ಯುವಾದೀತು. ಮೇಲೂ ಹಿಂದೂ ಒಂದು ಗೇಣು ಬಯಲಿರಲಿ.

ಇನ್ನು ಆಯುಷ್ಯ. ಕ್ಯಾಥೋಡಿನ ಲೇಪ ದೀಪದ ಎಣ್ಣೆಯಂತೆ ತೀರುತ್ತ ಬರುತ್ತದೆ. ದನಿಯನ್ನು ಹೊರಗೆ ದೂಡುವ ದೊಡ್ಡ ವಾಲ್ವುಗಳು ಸಾಮಾನ್ಯವಾಗಿ 2,000ದಿಂದ 5,000 ಗಂಟೆ ಬಾಳುತ್ತವೆ. ಮೊದಲ ಹಂತದ ಇಸಿಸಿ 83ರಂಥ ಚಿಕ್ಕವು 10,000 ಗಂಟೆಯನ್ನೂ ದಾಟುವುದುಂಟು. ದಿನಕ್ಕೆ 3 ಗಂಟೆಯಂತೆ ದೊಡ್ಡವಕ್ಕೆ ಸುಮಾರು ಎರಡರಿಂದ ನಾಲ್ಕೂವರೆ ವರ್ಷ, ಚಿಕ್ಕವಕ್ಕೆ ಒಂಬತ್ತು ವರ್ಷ. ಇದಕ್ಕೊಂದು ಷರತ್ತುಂಟು. ಕಾಯಿಸುವ ತಂತಿಗೆ ನಿಗದಿಯಾದದ್ದು 6.3 ವೋಲ್ಟ್. ಊರಿನ ವೋಲ್ಟೇಜು ಹೊಯ್ದಾಡಿದರೆ ಅದೂ ಹೊಯ್ದಾಡುತ್ತದೆ. ಹೆಚ್ಚಾದರೆ ಲೇಪ ಬೇಗ ಆವಿಯಾಗುತ್ತದೆ. ಬಹುವಾಗಿ ತಗ್ಗಿದರೂ ಕ್ಯಾಥೋಡು ಕೆಡುತ್ತದೆ. ಹೀಗಾಗಿ ಹೊಸ ವಾಲ್ವಿಗಿಂತ ಮೊದಲು ಒಂದು ಒಳ್ಳೆಯ ಸ್ಟೆಬಿಲೈಸರ್ ಕೊಳ್ಳುವುದು ಜಾಣತನ. ನಳಿಕೆಯ ನೆತ್ತಿಯ ಬೆಳ್ಳಿಯಂಥ ಹೊಳಪು ಹಾಲಿನಂತೆ ಬೆಳ್ಳಗಾಯಿತೆಂದರೆ ಒಳಗೆ ಗಾಳಿ ಹೊಕ್ಕಿತೆಂದು ತಿಳಿಯಬೇಕು. ಅದು ಮತ್ತೆ ಬದುಕದು.

ಬದಲಿ ವಾಲ್ವು ಒಂದು ಕಾಲಕ್ಕೆ ನಮ್ಮ ನಾಡಿನದೇ ಆಗಿತ್ತು. ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆಗೆ ತೊಡಗಿತು. ಟ್ರಾನ್ಸಿಸ್ಟರು ಬಂದು ಆ ಕಾಲವನ್ನು ಮುಗಿಸಿತು. ಈಗ ಹೊಸವು ಮುಖ್ಯವಾಗಿ ರಷ್ಯ, ಚೀನ, ಸ್ಲೊವಾಕಿಯಗಳಿಂದ ಬರಬೇಕು. 2022ರಲ್ಲಿ ಉಕ್ರೇನಿನ ಯುದ್ಧ ತೊಡಗಿದಾಗ ರಷ್ಯದ ಪೂರೈಕೆ ಅಸ್ತವ್ಯಸ್ತವಾಗಿ ಬೆಲೆಗಳು ಏರಿದವು. ಎಲ್ಲಿಯದೋ ಯುದ್ಧ ನಮ್ಮ ಪಡಸಾಲೆಯ ಹಾಡಿಗೂ ತಟ್ಟಿತು.

ಆದರೆ ಇವೆಲ್ಲಕ್ಕಿಂತ ದುಬಾರಿಯಾದದ್ದು ರಿಪೇರಿ ಬಲ್ಲ ಕೈ. ಆಂಪ್ಲಿಫೈಯರಿನ ಒಡಲಲ್ಲಿ 250ರಿಂದ 400 ವೋಲ್ಟ್ ಇರುತ್ತದೆ; ಸ್ವಿಚ್ಚು ಆರಿಸಿದ ಮೇಲೂ ಕಂಡೆನ್ಸರುಗಳಲ್ಲಿ ಅದು ಹೊಂಚುಹಾಕಿ ಕುಳಿತಿರಬಹುದು. ತಿಳಿಯದವರು ಮುಟ್ಟಿದರೆ ಪ್ರಾಣಕ್ಕೇ ಸಂಚಕಾರ. ಬಲ್ಲ ಮೆಕ್ಯಾನಿಕರು ಮುಪ್ಪಾಗುತ್ತಿದ್ದಾರೆ. ಅವರ ಪಕ್ಕದಲ್ಲಿ ಕುಳಿತು ಕಲಿಯುವ ಹುಡುಗರು ವಿರಳ. ವಾಲ್ವು ಸವೆದರೆ ಕಿತ್ತು ಇನ್ನೊಂದನ್ನು ಕೂಡಿಸಬಹುದು. ಈ ವಿದ್ಯೆ ಸವೆದರೆ ಕೂಡಿಸಲು ಬದಲಿಯಿಲ್ಲ.

ಆದ್ದರಿಂದ ನನ್ನ ಉತ್ತರವಿಷ್ಟೆ. ಜಾತ್ರೆ, ಸಭೆಗಳ ದೊಡ್ಡ ದನಿಗೆ ಟ್ರಾನ್ಸಿಸ್ಟರಿನ ಆಂಪ್ಲಿಫೈಯರೇ ಸಾಕು. ಅಲ್ಲಿ ವಾಲ್ವನ್ನು ದುಡಿಸುವುದು ಮೂಗಿಗಿಂತ ಮೂಗುತಿ ಭಾರವಾದಂತೆ. ಮಲ್ಲಿಕಾರ್ಜುನ ಮನ್ಸೂರರ ತಟ್ಟೆಯೊಂದನ್ನು ಸಂಜೆ ಒಂದು ತಾಸು ಕೇಳುವವರು ಅದನ್ನು ಇಟ್ಟುಕೊಳ್ಳಲಿ. ಆದರೆ ವರ್ಷಗಟ್ಟಲೆ ಮಲಗಿದ್ದನ್ನು ಅಟ್ಟದಿಂದಿಳಿಸಿ ನೇರವಾಗಿ ಕರೆಂಟಿಗೆ ಹಚ್ಚಬಾರದು. ಮೊದಲು ಬಲ್ಲವರನ್ನು ಹುಡುಕಿ ಕಂಡೆನ್ಸರುಗಳನ್ನು ಪರೀಕ್ಷಿಸಿಕೊಳ್ಳಿ. ಅವರು ಬಿಚ್ಚಿ ನೋಡುವಾಗ ಮನೆಯ ಹುಡುಗನೊಬ್ಬನನ್ನು ಪಕ್ಕದಲ್ಲಿ ಕೂಡಿಸಿರಿ.