ಔಷಧ ವಂಚನೆಯ ರೋಚಕ ಕಥೆಯೂ ಹಾಸನ ಸೀಮೆಯ ಹೃದಯಭೀತಿಯೂ

೧

ಬೇಲೂರಿನ ಚೆನ್ನಕೇಶವ ದೇವಾಲಯದ ಆವರಣದಲ್ಲಿ ಕಪ್ಪೆ ಚೆನ್ನಿಗರಾಯನ ಗುಡಿಯುಂಟು. ಜಕಣಾಚಾರಿಯು ಕಡೆದ ಮೂರ್ತಿಯ ಕಲ್ಲಿನಲ್ಲಿ ದೋಷವಿದೆಯೆಂದು ತರುಣ ಶಿಲ್ಪಿಯೊಬ್ಬನು ಆಕ್ಷೇಪಿಸಿದನೆಂದೂ, ಮೂರ್ತಿಗೆಲ್ಲ ಗಂಧವನ್ನು ಲೇಪಿಸಿ ನೋಡಲಾಗಿ ಉಳಿದೆಡೆಯೆಲ್ಲ ಒಣಗಿ ನಾಭಿಯ ಬಳಿ ಮಾತ್ರ ಹಸಿ ಆರಲಿಲ್ಲವೆಂದೂ, ಅಲ್ಲಿ ಉಳಿಯನ್ನಿಟ್ಟು ಹೊಡೆದಾಗ ನೀರೂ ಕಪ್ಪೆಯೂ ಹೊರಬಿದ್ದುವೆಂದೂ, ಆ ತರುಣನು ಜಕಣನ ಮಗ ಡಂಕಣನೇ ಎಂದೂ ಐತಿಹ್ಯವು ಹೇಳುತ್ತದೆ. ಇತ್ತ ದೇವಾಲಯದ ಶಿಲ್ಪಗಳ ಕೆಳಗೆ ಕೆತ್ತಿರುವ ಬರಹಗಳಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರ ಹೆಸರುಗಳು ಸ್ಪಷ್ಟವಾಗಿವೆ. ಆದರೂ ನಾಡಿನ ಜನರ ನಾಲಗೆಯ ಮೇಲೆ ನಿಂತವನು ಜಕಣನೇ ಹೊರತು ದಾಸೋಜನಲ್ಲ. ಚೆನ್ನಾಗಿ ಹೆಣೆದ ಕಥೆಯು ಕಲ್ಲಿನ ಬರಹಕ್ಕಿಂತಲೂ ಬಲವಾಗಿ ಮನಸ್ಸಿನಲ್ಲಿ ಊರುತ್ತದೆ ಎಂಬುದಕ್ಕೆ ಇದಕ್ಕಿಂತ ಸಮೀಪದ ನಿದರ್ಶನ ಬೇಕಿಲ್ಲ.

೨೦೨೫ನೆಯ ಇಸವಿಯ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಇದೇ ಸೀಮೆಯಲ್ಲಿ, ಎಂದರೆ ಅರಸೀಕೆರೆ, ಬೇಲೂರು, ಹಳೇಬೀಡುಗಳನ್ನೊಳಗೊಂಡ ಹಾಸನ ಜಿಲ್ಲೆಯಲ್ಲಿ, ಮತ್ತೊಂದು ಕಥೆಯು ಹಾಗೆಯೇ ಬೇರೂರಿತು. ಹಠಾತ್ತಾಗಿ ಸಂಭವಿಸಿದ ಮರಣಗಳಿಗೆ ಔಷಧ ಕಂಪನಿಗಳು ಅವಸರದಲ್ಲಿ ತಯಾರಿಸಿ ಹಂಚಿದ ಲಸಿಕೆಯೇ ಕಾರಣವೆಂಬುದು ಆ ಕಥೆ. ಔಷಧೋದ್ಯಮದ ವಂಚನೆಯನ್ನು ವಸ್ತುವಾಗುಳ್ಳ ರೋಚಕ ಸಾಹಿತ್ಯಕ್ಕೆ ಓದುಗರು ತೋರುವ ಪ್ರತಿಕ್ರಿಯೆ ಎಂತಹುದು, ಆ ಪ್ರತಿಕ್ರಿಯೆಯು ಪುಸ್ತಕವನ್ನು ದಾಟಿ ಬದುಕಿಗೆ ಬಂದಾಗ ಏನಾಗುತ್ತದೆ ಎಂಬುದನ್ನು ಈ ಲೇಖನದಲ್ಲಿ ವಿಚಾರಿಸಲು ಉದ್ದೇಶಿಸಿದ್ದೇವೆ.

೨

ಪತ್ತೇದಾರಿ ಕಾದಂಬರಿಯು ಕನ್ನಡದ ಓದುಗರಿಗೆ ಹೊಸದಲ್ಲ. ಮ. ರಾಮಮೂರ್ತಿ, ಎನ್. ನರಸಿಂಹಯ್ಯ ಮೊದಲಾದವರು ಈ ಪ್ರಕಾರದಿಂದ ಓದುವ ಚಟವನ್ನೇ ಬೆಳೆಸಿದರು. ನರಸಿಂಹಯ್ಯನವರೊಬ್ಬರೇ ಐದುನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರೆಂಬುದು ಪ್ರಸಿದ್ಧ. ಅಲ್ಲಿನ ಅಪರಾಧಗಳು ಬಹುಮಟ್ಟಿಗೆ ವ್ಯಕ್ತಿಯೊಬ್ಬನು ಮಾಡಿದ ಅಪರಾಧಗಳು. ಔಷಧ ವಂಚನೆಯ ಕಥೆಯಲ್ಲಿ ಅಪರಾಧಿಯ ಸ್ಥಾನವನ್ನು ಸಂಸ್ಥೆಯೇ ಆಕ್ರಮಿಸುತ್ತದೆ. ೧೯೪೯ರ 'ದಿ ಥರ್ಡ್ ಮ್ಯಾನ್' ಚಲನಚಿತ್ರದಲ್ಲಿ ಯುದ್ಧೋತ್ತರ ವಿಯೆನ್ನಾದಲ್ಲಿ ಕಲಬೆರಕೆಯ ಪೆನಿಸಿಲಿನ್ ಮಾರುವವನು ಇನ್ನೂ ಒಬ್ಬ ಕಾಳಸಂತೆಕೋರ. ೧೯೯೩ರ 'ದಿ ಫ್ಯುಜಿಟಿವ್' ಚಿತ್ರದ ವೇಳೆಗೆ ಪ್ರಯೋಗದ ಫಲಿತಾಂಶವನ್ನು ತಿದ್ದುವ ಔಷಧ ಕಂಪನಿಯೇ ತೆರೆಯ ಹಿಂದಿನ ಶಕ್ತಿಯಾಗುತ್ತದೆ. ಜಾನ್ ಲೆ ಕಾರೆ ೨೦೦೧ರಲ್ಲಿ ಪ್ರಕಟಿಸಿದ 'ದಿ ಕಾನ್‌ಸ್ಟಂಟ್ ಗಾರ್ಡನರ್' ಈ ಪ್ರಕಾರದ ಪ್ರಮುಖ ಕೃತಿ. ಕೀನ್ಯಾ ದೇಶದ ಬಡಜನರ ಮೇಲೆ ಕ್ಷಯರೋಗದ ಹೊಸ ಔಷಧವೊಂದನ್ನು ಪ್ರಯೋಗಿಸಿ, ಅದರ ದುಷ್ಪರಿಣಾಮಗಳನ್ನು ಮುಚ್ಚಿಡುವುದೇ ಅದರ ಕಥಾವಸ್ತು. ಕನ್ನಡದಲ್ಲಿ ೨೦೨೨ರಲ್ಲಿ ತೆರೆಕಂಡ 'ಡಾ. ೫೬' ಚಿತ್ರವೂ ಮನುಷ್ಯರ ಮೇಲೆ ನಡೆಯುವ ಅಕ್ರಮ ಔಷಧ ಪ್ರಯೋಗವನ್ನೇ ಆರಿಸಿಕೊಂಡಿತು.

ಇಂತಹ ಕೃತಿಗಳಿಗೆ ಬರುವ ಪ್ರತಿಕ್ರಿಯೆಯನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. 'ಇದು ಕೇವಲ ಕಲ್ಪನೆ' ಎಂದು ತಳ್ಳಿಹಾಕುವುದು ಮೊದಲನೆಯದು. 'ನಡೆಯುವುದೆಲ್ಲ ಹೀಗೆಯೇ' ಎಂದು ಪೂರ್ತಿಯಾಗಿ ನಂಬುವುದು ಎರಡನೆಯದು. 'ಇದರಲ್ಲಿ ನಡೆದುದೆಷ್ಟು, ನಡೆಯಬಹುದಾದುದೆಷ್ಟು, ಕಥೆಯ ಅನುಕೂಲಕ್ಕಾಗಿ ಸೇರಿದುದೆಷ್ಟು' ಎಂದು ಕೇಳುವುದು ಮೂರನೆಯದು. ಮೊದಲನೆಯ ಬಗೆಯವರು ತಪ್ಪುತ್ತಾರೆಂಬುದನ್ನು ಇತಿಹಾಸವೇ ತೋರಿಸಿದೆ. ೧೯೯೬ರಲ್ಲಿ ನೈಜೀರಿಯಾದ ಕಾನೋ ಪಟ್ಟಣದಲ್ಲಿ ಮಿದುಳುಪೊರೆಯ ಉರಿಯೂತ ಹಬ್ಬಿದ್ದಾಗ ಫೈಜರ್ ಕಂಪನಿಯು ಟ್ರೋವನ್ ಎಂಬ ಹೊಸ ಔಷಧವನ್ನು ಮಕ್ಕಳ ಮೇಲೆ ಪ್ರಯೋಗಿಸಿತು. ಈ ವಿಚಾರ ನ್ಯಾಯಾಲಯದ ಮೆಟ್ಟಲೇರಿತು. ಕಂಪನಿಯು ತನ್ನದು ತಪ್ಪಲ್ಲವೆಂದು ವಾದಿಸುತ್ತಲೇ ೨೦೦೯ರಲ್ಲಿ ೭೫ ದಶಲಕ್ಷ ಡಾಲರುಗಳ ಒಪ್ಪಂದಕ್ಕೆ ಬಂದಿತು. ಹೃದಯಕ್ಕೇ ಸಂಬಂಧಿಸಿದ ನಿದರ್ಶನವೂ ಉಂಟು. ಮರ್ಕ್ ಕಂಪನಿಯು ೧೯೯೯ರಲ್ಲಿ ಮಾರುಕಟ್ಟೆಗೆ ತಂದ ವಯಾಕ್ಸ್ ಎಂಬ ನೋವಿನ ಮಾತ್ರೆಯಿಂದ ಹೃದಯಾಘಾತದ ಅಪಾಯ ಹೆಚ್ಚುವುದೆಂದು ಸಿದ್ಧವಾಗಿ, ೨೦೦೪ರಲ್ಲಿ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ಆದುದರಿಂದ ಸಂಶಯಪಡುವುದು ಮೂಢತನವಲ್ಲ. ಸಂಶಯವೇ ತೀರ್ಪಾಗಿಬಿಡುವ ಎರಡನೆಯ ಬಗೆಯ ಪ್ರತಿಕ್ರಿಯೆಯನ್ನು ಇಲ್ಲಿ ಹೆಚ್ಚು ಪರಿಶೀಲಿಸಬೇಕಾಗಿದೆ.

೩

ಹಾಸನ ಜಿಲ್ಲೆಯಲ್ಲಿ ಸುಮಾರು ನಲವತ್ತು ದಿನಗಳ ಅವಧಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಮೃತಪಟ್ಟರೆಂಬ ವಾರ್ತೆ ದಿನದಿನವೂ ಎಣಿಕೆಯೊಡನೆ ಪ್ರಕಟವಾಯಿತು. ಸತ್ತವರಲ್ಲಿ ತರುಣರೂ ಇದ್ದುದು ಭಯವನ್ನು ಇಮ್ಮಡಿಸಿತು. ಜುಲೈ ೧ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು, ಲಸಿಕೆಗೆ ಅವಸರದಿಂದ ಅನುಮತಿಯಿತ್ತು ಹಂಚಿದುದೂ ಕಾರಣವಾಗಿರಬಹುದೆಂಬುದನ್ನು ಅಲ್ಲಗಳೆಯಲಾಗದು ಎಂಬರ್ಥದ ಹೇಳಿಕೆಯನ್ನಿತ್ತರು. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕ ಡಾ. ಕೆ. ಎಸ್. ರವೀಂದ್ರನಾಥರ ನೇತೃತ್ವದ ಸಮಿತಿಯು ವರದಿಯನ್ನೊಪ್ಪಿಸಲಿರುವುದನ್ನೂ ತಿಳಿಸಿದರು. ಮರುದಿನವೇ ಕೇಂದ್ರ ಆರೋಗ್ಯ ಸಚಿವಾಲಯವು ಲಸಿಕೆಗೂ ಹಠಾತ್ ಮರಣಗಳಿಗೂ ನೇರ ಸಂಬಂಧವಿಲ್ಲವೆಂದು ಪ್ರಕಟಿಸಿತು. ಅಷ್ಟರಲ್ಲಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗಾಗಿ ಬಂದವರ ಸಾಲು ಬೆಳೆದು, ಆತಂಕಪಡಬೇಡಿರೆಂದು ವೈದ್ಯರೇ ಕೇಳಿಕೊಳ್ಳಬೇಕಾಯಿತು.

ಈ ಪ್ರಸಂಗದಲ್ಲಿ ರೋಚಕ ಕಥೆಯ ಎಲ್ಲ ಅಂಗಗಳೂ ಇದ್ದುವೆಂಬುದನ್ನು ಗಮನಿಸಬೇಕು: ಒಂದಾದ ಮೇಲೊಂದು ಮರಣ, ಲಾಭ ಪಡೆದ ಕಂಪನಿ, ಅವಸರದ ಅನುಮತಿ, ಪರಸ್ಪರ ವಿರುದ್ಧವಾಗಿ ನುಡಿಯುವ ಅಧಿಕಾರಸ್ಥರು. ಕಥೆಯನ್ನು ಬಲ್ಲ ಓದುಗನಿಗೆ ಕೊನೆಯ ಪುಟವನ್ನು ಊಹಿಸುವುದು ಕಷ್ಟವಲ್ಲ. ಆದರೆ ಕಥೆಯ ನ್ಯಾಯಕ್ಕೂ ಕಾರಣನಿರ್ಣಯದ ನ್ಯಾಯಕ್ಕೂ ಮುಖ್ಯವಾಗಿ ಎರಡು ಭೇದಗಳುಂಟು.

ಮೊದಲನೆಯದು ಎಣಿಕೆಯ ಭೇದ. ಕಥೆಯಲ್ಲಿ ನಮ್ಮ ಕಣ್ಣೆದುರಿಗಿರುವ ಮರಣಗಳೇ ಸಾಕು. ಶಾಸ್ತ್ರದಲ್ಲಿ 'ಎಷ್ಟರಲ್ಲಿ ಎಷ್ಟು' ಎಂದು ಕೇಳಲೇಬೇಕು. ೨೦೧೧ರ ಜನಗಣತಿಯಂತೆ ಹಾಸನ ಜಿಲ್ಲೆಯ ಜನಸಂಖ್ಯೆ ೧೭,೭೬,೪೨೧. ವರ್ಷಕ್ಕೆ ಸಾವಿರಕ್ಕೆ ಆರರಂತೆ ಎಣಿಸಿದರೂ ಸುಮಾರು ೧೦,೬೦೦ ಮರಣಗಳಾಗುತ್ತವೆ. ನಮ್ಮ ದೇಶದ ಮರಣಗಳಲ್ಲಿ ಕಾಲುಭಾಗಕ್ಕೆ ಕಡಮೆಯಿಲ್ಲದಷ್ಟು ಹೃದಯ ಮತ್ತು ರಕ್ತನಾಳಗಳ ರೋಗಗಳಿಂದಾದವು. ಈ ಲೆಕ್ಕದಂತೆ ಯಾವುದೇ ನಲವತ್ತು ದಿನಗಳಲ್ಲಿ ಜಿಲ್ಲೆಯಲ್ಲಿ ಇನ್ನೂರ ತೊಂಬತ್ತರಷ್ಟು ಇಂತಹ ಮರಣಗಳು ನಿರೀಕ್ಷಿತವೇ. ಅವುಗಳಲ್ಲಿ ಹೆಚ್ಚಿನವು ವೃದ್ಧರವು, ನಿಜ. ತರುಣರ ಮರಣಗಳು ಹೆಚ್ಚಿದುವೇ ಎಂಬುದನ್ನು ಅದೇ ವಯಸ್ಸಿನವರ ಹಿಂದಿನ ವರ್ಷಗಳ ಅಂಕಿಗಳೊಡನೆ ಹೋಲಿಸಿಯೇ ಹೇಳಬೇಕು. ಅಂತು ಇಪ್ಪತ್ತು ಎಂಬ ಸಂಖ್ಯೆಯೊಂದರಿಂದಲೇ 'ಅಸಾಮಾನ್ಯ' ಎಂಬ ನಿರ್ಣಯಕ್ಕೆ ಬರುವಂತಿಲ್ಲ. ಎಂದಿನಂತೆ ಚದುರಿ ಕಾಣದೆ ಹೋಗುತ್ತಿದ್ದ ಮರಣಗಳನ್ನು ಒಂದು ಪಟ್ಟಿಯಲ್ಲಿ ಸೇರಿಸಿದಾಗ ಅವು ಸರಣಿಯಂತೆ ತೋರುತ್ತವೆ. ಜುಲೈ ತಿಂಗಳಲ್ಲಿ ಹೊರಬಂದ ವರದಿಯು ೨೪ ಮರಣಗಳನ್ನು ಪರಿಶೀಲಿಸಿ, ಅವುಗಳಲ್ಲಿ ೪ ಹೃದಯಕ್ಕೆ ಸಂಬಂಧಿಸಿದವೇ ಅಲ್ಲವೆಂದೂ, ಉಳಿದವುಗಳಲ್ಲಿ ಕೆಲವು ನಿಶ್ಚಿತವಾಗಿಯೂ ಕೆಲವು ಸಂಭಾವ್ಯವಾಗಿಯೂ ಹೃದಯಾಘಾತಗಳೆಂದೂ, ಒಟ್ಟಿನಲ್ಲಿ ಅಸಾಮಾನ್ಯ ಏರಿಕೆ ಕಾಣಲಿಲ್ಲವೆಂದೂ ತಿಳಿಸಿತು.

ಎರಡನೆಯದು ಕಾರಣದ ಭೇದ. ಕಥೆಗೆ ಒಬ್ಬ ಅಪರಾಧಿ ಬೇಕು. ರೋಗಕ್ಕೆ ಅನೇಕ ಕಾರಣಗಳಿರುತ್ತವೆ. ಧೂಮಪಾನ, ಮದ್ಯ, ಮಧುಮೇಹ, ರಕ್ತದ ಏರೊತ್ತಡ, ಬೊಜ್ಜು, ವಂಶಪರಂಪರೆ ಇವೆಲ್ಲ ಸೇರಿ ಹೃದಯವನ್ನು ಕೆಡಿಸುತ್ತವೆ. ಇವುಗಳಲ್ಲಿ ಯಾವುದಕ್ಕೂ ಖಳನಾಯಕನ ಮುಖವಿಲ್ಲ. ಲಸಿಕೆ ಹಾಕಿಸಿಕೊಂಡವನು ಸತ್ತನೆಂಬುದರಿಂದ ಲಸಿಕೆಯಿಂದ ಸತ್ತನೆಂದಾಗದು. ಬಹುಪಾಲು ಜನರು ಲಸಿಕೆ ಪಡೆದಿರುವಾಗ ಸತ್ತವರಲ್ಲೂ ಬದುಕಿರುವವರಲ್ಲೂ ಬಹುಪಾಲು ಅವರೇ ಇರುತ್ತಾರೆ. ಆದುದರಿಂದ ಎರಡು ಗುಂಪುಗಳನ್ನು ಹೋಲಿಸಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ೧೯ ರಾಜ್ಯಗಳ ೪೭ ಆಸ್ಪತ್ರೆಗಳಲ್ಲಿ ಈ ಕಾರ್ಯವನ್ನು ಕೈಕೊಂಡಿತು. ಹಠಾತ್ತಾಗಿ ತೀರಿಕೊಂಡ ೧೮ರಿಂದ ೪೫ ವರ್ಷದ ೭೨೯ ಮಂದಿಯನ್ನು ಬದುಕಿರುವ ೨,೯೧೬ ಮಂದಿಯೊಡನೆ ಹೋಲಿಸಿ ೨೦೨೩ರಲ್ಲಿ ಫಲಿತಾಂಶವನ್ನು ಪ್ರಕಟಿಸಿತು. ಲಸಿಕೆಯು ಅಪಾಯವನ್ನು ಹೆಚ್ಚಿಸಿರಲಿಲ್ಲ; ಎರಡು ಡೋಸು ಪಡೆದವರಲ್ಲಿ ಅದು ಕಡಮೆಯೇ ಇದ್ದಿತು. ಹಿಂದೆ ಕೋವಿಡ್‌ಗಾಗಿ ಆಸ್ಪತ್ರೆ ಸೇರಿದ್ದುದು, ಕುಟುಂಬದಲ್ಲಿ ಹಠಾತ್ ಮರಣಗಳಾಗಿದ್ದುದು, ಮರಣಕ್ಕೆ ಮುಂಚಿನ ಎರಡು ದಿನಗಳಲ್ಲಿ ಅತಿಯಾದ ಮದ್ಯಪಾನ ಮಾಡಿದುದು ಅಪಾಯದ ಲಕ್ಷಣಗಳಾಗಿ ಕಂಡುವು. ಲಸಿಕೆಗಳು ನಿರ್ದೋಷವೆಂದು ಇದರ ಅರ್ಥವಲ್ಲ. ಕೋವಿಶೀಲ್ಡ್ ವರ್ಗದ ಲಸಿಕೆಯಿಂದ ಬಹು ವಿರಳವಾಗಿ ರಕ್ತ ಹೆಪ್ಪುಗಟ್ಟುವ ತೊಂದರೆಯಾಗಬಹುದೆಂಬುದು ೨೦೨೧ರಲ್ಲಿಯೇ ತಿಳಿದುಬಂದಿದ್ದಿತು. ಆದರೆ ಅದು ಚುಚ್ಚುಮದ್ದಿನ ಮುಂದಿನ ಕೆಲವು ವಾರಗಳ ವಿಷಯವೇ ಹೊರತು ನಾಲ್ಕು ವರ್ಷಗಳ ಮೇಲಿನದಲ್ಲ.

೪

ಹಾಗಾದರೆ ನಿಜವಾದ ಔಷಧದೋಷವು ಬಯಲಾಗುವುದು ಹೇಗೆ? ವಯಾಕ್ಸ್‌ನ ಅಪಾಯವು ಎರಡು ಗುಂಪುಗಳನ್ನು ಹೋಲಿಸಿದ ಪ್ರಯೋಗದಿಂದ ನಿಶ್ಚಯವಾಯಿತು. ರ‍್ಯಾನ್‌ಬಾಕ್ಸಿ ಕಂಪನಿಯ ಸುಳ್ಳು ದಾಖಲೆಗಳು ಒಳಗಿನ ಉದ್ಯೋಗಿ ದಿನೇಶ್ ಠಾಕೂರರು ಒದಗಿಸಿದ ಕಾಗದಪತ್ರಗಳಿಂದ ಹೊರಬಿದ್ದು, ೨೦೧೩ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ಅಪರಾಧದ ಒಪ್ಪಿಗೆಯಾಗಿ, ೫೦೦ ದಶಲಕ್ಷ ಡಾಲರು ದಂಡ ಬಿದ್ದಿತು. ನಮ್ಮ ಬಳ್ಳಾರಿಯಲ್ಲಿ ೨೦೨೪ರ ನವೆಂಬರಿನಲ್ಲಿ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ರಕ್ತನಾಳಕ್ಕೆ ಹಾಕಿದ ದ್ರಾವಣದ ಮೇಲೆ ಸಂಶಯವುಂಟಾಗಿ, ಸರ್ಕಾರವು ಅದರ ಬಳಕೆಯನ್ನು ತಡೆದು ತನಿಖೆಗೆ ಆಜ್ಞಾಪಿಸಿತು. ೨೦೨೫ರಲ್ಲಿ ಮಧ್ಯಪ್ರದೇಶದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಕೆಮ್ಮಿನ ಔಷಧವೊಂದರಿಂದ ಸತ್ತಾಗ ತಮಿಳುನಾಡಿನ ಪ್ರಯೋಗಶಾಲೆಯು ಅದರಲ್ಲಿ ಶೇಕಡ ೪೮.೬ರಷ್ಟು ಡೈಇಥಿಲೀನ್ ಗ್ಲೈಕಾಲ್ ಎಂಬ ವಿಷವಿದ್ದುದನ್ನು ಕಂಡುಹಿಡಿಯಿತು. ಇವೆಲ್ಲವುಗಳಲ್ಲಿಯೂ ಇಂತಹ ಔಷಧ, ಇಂತಹ ತಂಡದ ತಯಾರಿಕೆ, ಇಂತಹ ಪರೀಕ್ಷೆ ಎಂದು ಬೊಟ್ಟಿಟ್ಟು ತೋರಿಸಬಹುದಾದ ಆಧಾರವನ್ನು ಹುಡುಕಲಾಯಿತು. ರೋಚಕ ಕಥೆಯಲ್ಲಿ ನಾಯಕನ ಧೈರ್ಯವು ಮಾಡುವ ಕೆಲಸವನ್ನು ಬಾಳಿನಲ್ಲಿ ಮಾಡಬೇಕಾದುದು ಪ್ರಯೋಗಶಾಲೆ, ಕಡತ, ಮರಣೋತ್ತರ ಪರೀಕ್ಷೆಗಳು. ಹಾಸನದ ಪ್ರಸಂಗದ ಬಳಿಕ ಆಸ್ಪತ್ರೆಯ ಹೊರಗೆ ಸಂಭವಿಸುವ ಹಠಾತ್ ಮರಣಗಳನ್ನು ವರದಿಮಾಡಿ ಮರಣೋತ್ತರ ಪರೀಕ್ಷೆ ನಡೆಸಬೇಕೆಂದು ಸರ್ಕಾರವು ಪ್ರಕಟಿಸಿದುದು ಈ ದೃಷ್ಟಿಯಿಂದ ಸ್ವಾಗತಾರ್ಹ. ಪರೀಕ್ಷೆಯಿಲ್ಲದ ಮರಣವು ಕಥೆಗೆ ಬಿಟ್ಟ ಖಾಲಿ ಪುಟವೇ ಸರಿ.

ಎಲ್ಲವನ್ನೂ ನಂಬುವವನಿಗೆ ಆಗುವ ನಷ್ಟ ಎರಡು ಬಗೆಯದು. ಎದೆನೋವು ಬಂದವನು 'ಇದು ಲಸಿಕೆಯ ಫಲ, ಮಾಡುವುದೇನು' ಎಂದು ಕುಳಿತರೆ ಅಮೂಲ್ಯವಾದ ಮೊದಲ ಗಂಟೆ ಕಳೆದುಹೋಗುತ್ತದೆ. ಬೇಲೂರಿನಿಂದಾಗಲಿ ಅರಸೀಕೆರೆಯಿಂದಾಗಲಿ ಹಾಸನವು ಸುಮಾರು ನಲವತ್ತು ಕಿಲೋಮೀಟರು ದೂರ. ತಾಲ್ಲೂಕು ಆಸ್ಪತ್ರೆಗಳಲ್ಲಿಯೇ ಹೃದಯದ ಇಸಿಜಿ ತೆಗೆದು ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡಲೆಂದು ರಾಜ್ಯವು ಪುನೀತ್ ರಾಜ್‌ಕುಮಾರರ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆಯನ್ನು ಆರಂಭಿಸಿದುದು ಈ ದೂರವನ್ನು ಮನಗಂಡೇ. ಆ ಚುಚ್ಚುಮದ್ದು ಕೂಡ ಔಷಧ ಕಂಪನಿಯ ತಯಾರಿಕೆಯೇ ಎಂಬುದನ್ನು ಮರೆಯಬಾರದು. ಇನ್ನೊಂದು ನಷ್ಟ ಇದಕ್ಕಿಂತ ಸೂಕ್ಷ್ಮವಾದುದು. ಆಧಾರವಿಲ್ಲದ ಆರೋಪಗಳು ಹೆಚ್ಚಿದಷ್ಟೂ ಆಧಾರವುಳ್ಳ ಆರೋಪವು ಬಂದಾಗ ಅದೂ ವದಂತಿಯೆಂದೇ ತಳ್ಳಲ್ಪಡುತ್ತದೆ. ಇದರಿಂದ ಲಾಭ ಹೊಂದುವವನು ನಿಜವಾದ ವಂಚಕನೇ.

ಆದುದರಿಂದ ಇಂತಹ ಕಾದಂಬರಿಗಳನ್ನು ಓದಬಾರದೆಂದು ನಾವು ಹೇಳುವುದಿಲ್ಲ. ಅಧಿಕಾರವು ಮುಚ್ಚಿಟ್ಟುದನ್ನು ಕೆದಕುವ ಬುದ್ಧಿಯನ್ನು ಅವು ಚುರುಕುಗೊಳಿಸುತ್ತವೆ. ಅಧ್ಯಾಪಕರು ಅವುಗಳನ್ನು ತರಗತಿಗೆ ತಂದು, ಕಥೆಯಲ್ಲಿ ಕೊಟ್ಟಿರುವ ಆಧಾರ ಯಾವುದು, ಅದನ್ನು ಪರೀಕ್ಷಿಸುವ ಬಗೆ ಯಾವುದು ಎಂಬ ಎರಡು ಪ್ರಶ್ನೆಗಳನ್ನು ವಿದ್ಯಾರ್ಥಿಗಳ ಮುಂದಿಟ್ಟರೆ ಸಾಹಿತ್ಯಕ್ಕೂ ವಿಜ್ಞಾನಕ್ಕೂ ಉಪಕಾರವಾದೀತು. ಬೇಲೂರಿನ ಐತಿಹ್ಯವೇ ಈ ಪಾಠವನ್ನು ಹೇಳಿಕೊಟ್ಟಿದೆ. ಡಂಕಣನು ದೋಷವಿದೆಯೆಂದು ಕೂಗಿ ಸುಮ್ಮನಾಗಲಿಲ್ಲ. ಎಲ್ಲರೆದುರಿಗೆ ಗಂಧವನ್ನು ಲೇಪಿಸಿ, ಅದು ಒಣಗುವವರೆಗೆ ಕಾದು, ಹಸಿ ಉಳಿದ ಜಾಗದಲ್ಲಿ ಮಾತ್ರ ಉಳಿಯನ್ನಿಟ್ಟನು.