ಐದು ಭಾಷೆಯಲ್ಲಿ ಬಂತು, ಕನ್ನಡದಲ್ಲಿ ಬರಲಿಲ್ಲ

2025ರ ಸೆಪ್ಟೆಂಬರ್ 12ರಂದು ಜಪಾನಿನ ಅನಿಮೆ (ಆ್ಯನಿಮೇಷನ್) ಚಿತ್ರ 'ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್' ಭಾರತದಲ್ಲಿ ತೆರೆಕಂಡಿತು. ಅವಧಿ 155 ನಿಮಿಷ. ಭಾಷೆ ಐದು: ಜಪಾನಿ, ಇಂಗ್ಲಿಷ್, ಹಿಂದಿ, ತಮಿಳು, ತೆಲುಗು. ಅದೇ ದಿನ ರಾಜ್ಯ ಸರ್ಕಾರ ಸಿನಿಮಾ ಟಿಕೆಟ್ ದರ, ತೆರಿಗೆ ಬಿಟ್ಟು, 200 ರೂಪಾಯಿ ಮೀರಬಾರದೆಂದು ಅಧಿಸೂಚನೆ ಹೊರಡಿಸಿತು. 23ರಂದು ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು.

ವಿಜಯಪುರದ ಜೋರಾಪುರ ಪೇಟೆಯ ನಾಲ್ಕು ಜನರ ಮನೆಯೊಂದರ ಲೆಕ್ಕ ಹಾಕೋಣ. 200 ರೂಪಾಯಿ ಟಿಕೆಟ್‌ಗೆ ಶೇ 18 ಜಿಎಸ್‌ಟಿ ಸೇರಿದರೆ 236, ನಾಲ್ವರಿಗೆ 944. 100 ರೂಪಾಯಿವರೆಗಿನ ಟಿಕೆಟ್ ಮೇಲಿನ ತೆರಿಗೆ ಸೆಪ್ಟೆಂಬರ್ 22ರಿಂದ ಶೇ 12ರ ಬದಲು ಶೇ 5 ಆಗಿದೆ. ಅಂಥ ಟಿಕೆಟ್ ಸಿಕ್ಕರೆ ನಾಲ್ವರಿಗೆ 420. ಚಹಾ, ಚುರಮುರಿ ಬೇರೆ.

ದುಡ್ಡು ಹೇಗೋ ಹೊಂದುತ್ತದೆ. ಹೊಂದದ್ದು ಭಾಷೆ. ಪೇಟೆಯ ಹುಡುಗರಿಗೆ ಓಣಿಯಲ್ಲೇ ಉರ್ದು ಕಿವಿಗೆ ಬಿದ್ದಿರುತ್ತದೆ, ಹಿಂದಿ ತೊಡಕಾಗದು. ಆದರೆ ಸುತ್ತಲಿನ ತಿಕೋಟಾ, ಬಬಲೇಶ್ವರದ ಕಡೆಯಿಂದ ಬಸ್ಸು ಹತ್ತಿ ಬರುವ ಹುಡುಗನೂ ಅಷ್ಟೇ ದುಡ್ಡು ಕೊಡುತ್ತಾನೆ, ಅರ್ಧ ಮಾತು ಅರ್ಥವಾಗದೆ ಮನೆಗೆ ಹೋಗುತ್ತಾನೆ. ಇದು ನನಗೆ ನೋವಿನ ಸಂಗತಿ.

2011ರ ಜನಗಣತಿಯಂತೆ ತೆಲುಗು ಮಾತೃಭಾಷೆಯವರು 8.11 ಕೋಟಿ, ತಮಿಳಿನವರು 6.90 ಕೋಟಿ, ಕನ್ನಡದವರು 4.37 ಕೋಟಿ. ಇದು ಸಣ್ಣ ಸಂಖ್ಯೆಯೇ? ಯುಗೊ ಸಾಕೊ ಅವರ ಜಪಾನಿ-ಭಾರತೀಯ 'ರಾಮಾಯಣ' ಅನಿಮೆ 2025ರ ಜನವರಿ 24ರಂದು ಮತ್ತೆ ಬಂದಾಗಲೂ ಇಂಗ್ಲಿಷ್, ಹಿಂದಿ, ತಮಿಳು, ತೆಲುಗು ಇದ್ದವು. ಕಿಷ್ಕಿಂಧೆ ನಮ್ಮ ಹಂಪಿ ಸೀಮೆಯದೆಂದು ನಂಬಿ ಬಂದ ನಾಡಿಗೆ ಆ ಕಥೆಯೂ ಕನ್ನಡದಲ್ಲಿ ಬರಲಿಲ್ಲ. ಕನ್ನಡಕ್ಕೆ ಡಬ್ಬಿಂಗ್ ಮಾಡಲು ಅಡ್ಡಿಪಡಿಸುವುದು ಸಲ್ಲದೆಂದು ಭಾರತೀಯ ಸ್ಪರ್ಧಾ ಆಯೋಗ 2015ರಲ್ಲೇ ಹೇಳಿಯಾಗಿದೆ.

ಜಪಾನಿನವರಿಗಂತೂ ಹೊರನಾಡಿನ ಪ್ರೇಕ್ಷಕ ಬೇಕೇ ಬೇಕು. 2023ರಲ್ಲಿ ಅನಿಮೆ ಉದ್ಯಮದ ಒಟ್ಟು ಮಾರುಕಟ್ಟೆ ಸುಮಾರು 3.35 ಲಕ್ಷ ಕೋಟಿ ಯೆನ್, ಅದರಲ್ಲಿ 1.72 ಲಕ್ಷ ಕೋಟಿ, ಅಂದರೆ ಅರ್ಧಕ್ಕಿಂತ ಹೆಚ್ಚು, ಹೊರದೇಶಗಳದು. ಅದೇ ವರ್ಷದ ಜುಲೈ 14ರಂದು ನಮ್ಮ ಕನ್ನಡದ 'ಕೆಜಿಎಫ್'ನ ಎರಡೂ ಭಾಗ ಜಪಾನಿನ ಚಿತ್ರಮಂದಿರಗಳಿಗೆ ಹೋದವು; ಅಲ್ಲಿಯ ಚಿತ್ರವೂ ಕನ್ನಡಕ್ಕೆ ಬರಬಹುದಲ್ಲ.

'ಇನ್ಫಿನಿಟಿ ಕ್ಯಾಸಲ್' ಮೂರು ಚಿತ್ರಗಳ ಸರಣಿ, ಬಂದದ್ದು ಮೊದಲನೆಯದು. ಉಳಿದೆರಡಕ್ಕಾದರೂ ವಿತರಕರು ಕನ್ನಡದ ಧ್ವನಿ ಕೊಡಿಸಲಿ.